ಏಳನೆಯ ಮೇಜಿನ ಮೇಲೆ ನಮ್ಮ ಬೂತು

ಲೋಕಸಭೆ ಚುನಾವಣೆಯ ಎಣಿಕೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ನಾನು ನಿಂತಿದ್ದುದು ಕೊಯಮತ್ತೂರಿನ ಹೊರಗಿನ ಒಂದು ಕಾಲೇಜಿನ ಮೊದಲ ಮಹಡಿಯಲ್ಲಿ, ಪರೀಕ್ಷೆ ನಡೆಸುವ ಉದ್ದನೆಯ ಹಾಲಿನೊಳಗೆ, ಆರನೆಯ ಮೇಜಿನ ಎದುರು, ತಂತಿಬಲೆಯ ಈಚೆ. ಬಲೆಯ ಆಚೆ ಮೇಜು, ಮೇಜಿನ ಹಿಂದೆ ಸರ್ಕಾರಿ ನೌಕರರು. ಈಚೆ ನಾವು, ಅಭ್ಯರ್ಥಿಗಳ ಏಜೆಂಟರು. ದೊಡ್ಡ ಪಕ್ಷಗಳವರಿಗೆ ಮುಂದಿನ ಕುರ್ಚಿ, ಪಕ್ಷವಿಲ್ಲದೆ ನಿಂತವರ ಕಡೆಯವರಿಗೆ ಕೊನೆಯ ಕುರ್ಚಿ. ನನ್ನ ಕುರ್ಚಿ ಗೋಡೆಗೆ ತಾಗಿತ್ತು, ಕುಳಿತರೆ ಮೆಷಿನ್ ಕಾಣುತ್ತಿರಲಿಲ್ಲ. ಹಾಗಾಗಿ ನಿಂತೇ ಇದ್ದೆ. ನಿಂತರೆ ಎಡಗಡೆಯ ಏಳನೆಯ ಮೇಜೂ ಚೆನ್ನಾಗಿ ಕಾಣುತ್ತಿತ್ತು. ಮುಂದೆ ಹೇಳುವುದಕ್ಕೆಲ್ಲ ಈ ಮಾತು ಮುಖ್ಯ.

ಎದೆಯ ಮೇಲೆ ಬ್ಯಾಡ್ಜ್ ಇತ್ತು. ಅದರಲ್ಲಿ ನನ್ನ ಹೆಸರಿನ ಕೆಳಗೆ ಅಭ್ಯರ್ಥಿಯ ಹೆಸರು, ಅಂದರೆ ನನ್ನ ಅಕ್ಕನ ಗಂಡನ ಹೆಸರು. ನಾನು ಅವರನ್ನು ಭಾವ ಎಂದೇ ಕರೆಯುವುದು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನಮ್ಮದು ನೇಯುವವರ ಬೀದಿ. ತಿರುಪ್ಪೂರಿಗೂ ಕೊಯಮತ್ತೂರಿಗೂ ನಡುವಿನ ಒಂದು ಊರಿನಲ್ಲಿ, ತಲೆಮಾರುಗಳಿಂದ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಬಲ್ಲವರು ಬೀದಿಯಲ್ಲಿ ಕಡಿಮೆ. ನಾನು ಕಲಿತದ್ದೂ ಮಧ್ಯವಯಸ್ಸಿನಲ್ಲಿ, ಸೀರೆ ಮಾರಲು ಬೆಂಗಳೂರಿಗೆ ಹೋಗಿಬರುತ್ತಿದ್ದ ಕಾಲದಲ್ಲಿ. ಕೈಮಗ್ಗ ಹೋಗಿ ಪವರ್‌ಲೂಮ್ ಬಂದು ಬಹಳ ಕಾಲವಾಯಿತು. ಕರೆಂಟಿನ ದರ ಏರುತ್ತ, ಕೂಲಿ ಮಾತ್ರ ನಿಂತಲ್ಲೇ ನಿಂತಾಗ ಬೀದಿಯವರು ಅರ್ಜಿ ಹಿಡಿದು ಓಡಾಡಿದರು. ಯಾರೂ ತಿರುಗಿ ನೋಡಲಿಲ್ಲ. ಆಗ ಭಾವ ತಾವೇ ಚುನಾವಣೆಗೆ ನಿಲ್ಲುತ್ತೇನೆ ಎಂದರು.

ಗುಡಿಯ ಜಗಲಿಯ ಮೇಲೆ ಅವರು ಆಡಿದ ಮಾತು ನನಗೆ ಪೂರ್ತಿ ನೆನಪಿದೆ. "ನಾನು ಗೆಲ್ಲಾಕಿಲ್ಲ, ಅದು ನಂಗೂ ಗೊತ್ತು, ನಿಮ್ಗೂ ಗೊತ್ತು. ಆದ್ರೆ ನಮ್ಮ ಬೂತಿನ ಮೆಷಿನ್ ತೆರೆದಾಗ, ಇಲ್ಲೊಂದು ಜನ ಅವ್ರೆ, ಒಟ್ಟಾಗಿ ಅವ್ರೆ ಅಂತ ಒಂದ್ಸಲ ಕಾಣ್ಲಿ. ಅಷ್ಟೇ ಸಾಕು."

ಗೆಲ್ಲುತ್ತೇನೆ ಎಂದಿದ್ದರೆ ನಾವು ನಗುತ್ತಿದ್ದೆವು. ಕಾಣಲಿ ಎಂದದ್ದಕ್ಕೆ ನಂಬಿದೆವು.

ಅವರಿಗೆ ಸಿಕ್ಕ ಚಿಹ್ನೆ ಹೊಲಿಗೆ ಯಂತ್ರ. ಮಗ್ಗ ಕೇಳಿದ್ದರು, ಪಟ್ಟಿಯಲ್ಲಿ ಇರಲಿಲ್ಲವಂತೆ. ಬೀದಿಯ ಹಿರಿಯ ಅಜ್ಜಿಯೊಬ್ಬರು, ಹಲ್ಲಿಲ್ಲದ ಬಾಯಿಯವರು, ಭಾವನ ಮುಖಕ್ಕೇ ಹೇಳಿದರು: "ಮುಡಿ ಮುಡಿ ನೂಲು ನೇಯ್ದು ಬೆನ್ನು ಮುರ್ಕೊಂಡಿದ್ದು ನಾವು, ಓಟು ಮಾತ್ರ ಟೈಲರಿಗಾ?" ಎಲ್ಲರೂ ನಕ್ಕರು. ಭಾವನೂ ನಕ್ಕರು.

ನಮ್ಮಲ್ಲಿ ಮಾತು ತೆಗೆದುಕೊಳ್ಳುವುದಕ್ಕೆ ಒಂದು ಪದ್ಧತಿ ಇದೆ. ಕೇಳುವವರು ಮನೆಗೆ ಬಂದು, ಆ ಮನೆಯ ಮಗ್ಗದಿಂದ ಲಾಳಿ ತೆಗೆದು ಅಂಗೈಯಲ್ಲಿಟ್ಟುಕೊಳ್ಳುತ್ತಾರೆ. ಮನೆಯವರು ಅದರ ಮೇಲೆ ಕೈ ಇಡುತ್ತಾರೆ. ಕೇಳಿದವರ ಕೈ ಕೆಳಗೆ, ಕೊಟ್ಟವರ ಕೈ ಮೇಲೆ, ನಡುವೆ ಲಾಳಿ. ಆ ಮಾತು ಇಬ್ಬರನ್ನೂ ಕಟ್ಟುತ್ತದೆ. ಹೆಣ್ಣು ಕೊಡುವಾಗ, ಆಸ್ತಿ ಪಾಲಾಗುವಾಗ, ಗುಡಿಯ ಕೆಲಸ ಹಂಚುವಾಗ ಹೀಗೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಓಟಿಗಾಗಿ ಹೀಗೆ ಮಾಡಿದ್ದು ಅದೇ ಮೊದಲು.

ಮನೆಮನೆಗೆ ಹೋಗಿ ಲಾಳಿ ಹಿಡಿದವಳು ಅಕ್ಕ. ನಾನು ಜೊತೆಗಿದ್ದೆ. ಕೆಲವು ಮನೆಗಳಲ್ಲಿ ಎರಡು ಪಕ್ಷದವರಿದ್ದರು, ಅಪ್ಪ ಒಂದು, ಮಗ ಒಂದು. ಸೊಸೆಯಂದಿರು ಬೇರೆ ಊರಿನಿಂದ ಬಂದವರು, ಅವರದೇ ಲೆಕ್ಕವಿತ್ತು. ಅಕ್ಕ ಒಬ್ಬೊಬ್ಬರನ್ನೂ ಕರೆದು ಕೇಳಿದಳು. ಗಂಡಸರ ಮಾತು ಸಾಕು ಎಂದು ಬಿಡಲಿಲ್ಲ. ಕಡೆಗೆ ಅವಳ ಅಂಗೈಯಲ್ಲಿ ಲಾಳಿಯ ಎಣ್ಣೆಯ ಕಪ್ಪು ಕೂತುಬಿಟ್ಟಿತ್ತು. ಭಾವ ಒಳಗೆ ಬರುತ್ತಿರಲಿಲ್ಲ. ಬೀದಿಯಲ್ಲೇ ನಿಂತು ಬರುವವರಿಗೆ ಹೋಗುವವರಿಗೆ ಕೈ ಮುಗಿಯುತ್ತಿದ್ದರು. ಅಭ್ಯರ್ಥಿ ಅಲ್ಲವೇ, ಬೀದಿಯಲ್ಲಿರುವುದು ಸರಿ ಎಂದುಕೊಂಡೆವು.

ಮತದಾನ ಮುಗಿದು, ಟಿವಿಯ ಚಾನೆಲ್ಲುಗಳು ಅಂದಾಜು ಹೇಳತೊಡಗಿದವು. ನಮ್ಮ ಕ್ಷೇತ್ರ ಇಳುಪರಿ ಎಂದು ತೋರಿಸಿದರು. ಯಾರ ಕೈಗೂ ಸಿಗದ ಎಳೆದಾಟಕ್ಕೆ ತಮಿಳಿನಲ್ಲಿ ಆ ಮಾತು. ಎರಡು ದೊಡ್ಡ ಪಕ್ಷಗಳ ನಡುವೆ ಕೂದಲೆಳೆಯ ಅಂತರ ಎಂದರು. ಬೀದಿಯಲ್ಲಿ ಅದೊಂದು ಹೆಮ್ಮೆಯಾಯಿತು. ಹೇಗೂ ಇಬ್ಬರಿಗೂ ಕೊಡಲಿಲ್ಲ, ಇಬ್ಬರೂ ನಮ್ಮನ್ನು ಹುಡುಕಿಕೊಂಡು ಬರಲಿ ಎಂದು ಮಾತಾಡಿಕೊಂಡರು.

ಎಣಿಕೆಗೆ ಏಜೆಂಟರಾಗಿ ಹೋಗಲು ಬೀದಿಯ ಎಷ್ಟೋ ಜನ ಸಿದ್ಧರಿದ್ದರು. ಮೇಜಿಗೊಬ್ಬರಂತೆ ಹದಿನಾಲ್ಕು ಮೇಜಿಗೂ ಆಗುವಷ್ಟು. ಭಾವ, ಪಕ್ಷವಿಲ್ಲದವರಿಗೆ ಎರಡೇ ಪಾಸು ಕೊಡುತ್ತಾರೆ ಎಂದರು. ಒಂದು ನನಗೆ ಕೊಟ್ಟರು. ಇನ್ನೊಂದು, ಸೀರೆಯ ಅಂಚಿನ ಡಿಸೈನಿಗೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುವ ನಮ್ಮ ಬೀದಿಯ ಹಿರಿಯ ಮೇಸ್ತ್ರಿಗೆ. ಅವರು ಎರಡನೆಯ ಮೇಜು, ನಾನು ಆರನೆಯದು. ಹೆಚ್ಚುಕಡಿಮೆ ನಮ್ಮ ಬೀದಿಯವರದೇ ಆದ ನಮ್ಮ ಬೂತಿನ ಮೆಷಿನ್ ಐದನೆಯ ಸುತ್ತಿನಲ್ಲಿ ಏಳನೆಯ ಮೇಜಿಗೆ ಬರುತ್ತದೆ ಎಂದು ಮೊದಲೇ ತಿಳಿದಿತ್ತು. ಪಕ್ಕದ ಮೇಜು ಸಿಕ್ಕಿದ್ದೇ ಅದೃಷ್ಟ ಎಂದುಕೊಂಡೆ.

ಮೊಬೈಲುಗಳನ್ನು ಗೇಟಿನಲ್ಲೇ ಕೊಟ್ಟು ಬಂದಿದ್ದೆವು. ಹಾಲಿನೊಳಗೆ ಹೊರಗಿನ ಸುದ್ದಿ ಇಲ್ಲ. ಮೈಕಿನಲ್ಲಿ ಸುತ್ತು ಮುಗಿದ ಮೇಲೆ ಓದುವ ಸಂಖ್ಯೆ, ಮತ್ತು ಕಾಂಪೌಂಡಿನ ಆಚೆಯಿಂದ ಬರುವ ಪಟಾಕಿಯ ಸದ್ದು, ಇವೆರಡೇ. ಒಮ್ಮೆ ಈ ಪಕ್ಷ ಮುಂದೆ, ಒಮ್ಮೆ ಆ ಪಕ್ಷ. ಯಾವ ಕಡೆಯಿಂದ ಪಟಾಕಿ ಕೇಳುತ್ತದೋ ಅದನ್ನು ನೋಡಿ ಒಳಗಿನ ಏಜೆಂಟರ ಮುಖ ಬದಲಾಗುತ್ತಿತ್ತು. ಊರಿನಲ್ಲಿ ಅಕ್ಕನ ಮನೆಯ ಟಿವಿಯ ಮುಂದೆ ಬೀದಿಯ ಹೆಂಗಸರು ಸೇರಿದ್ದರು. ಅಲ್ಲಿ ಭಾವನ ಹೆಸರು ಬರುತ್ತಿರಲಿಲ್ಲ. ನಮ್ಮಂಥವರನ್ನೆಲ್ಲ ಒಟ್ಟು ಮಾಡಿ 'ಇತರರು' ಎಂದು ಒಂದು ಸಂಖ್ಯೆ. ನಮ್ಮ ಬೂತು ಏನು ಮಾಡಿತು ಎಂಬುದನ್ನು ಅವರಿಗೆ ಟಿವಿ ಹೇಳಲಾರದು, ನಾನೇ ಹೋಗಿ ಹೇಳಬೇಕು. ಇದು ನನಗೆ ಆಗ ದೊಡ್ಡ ಜವಾಬ್ದಾರಿ ಎನಿಸಿತ್ತು.

ಎರಡನೆಯ ಸುತ್ತಿನಲ್ಲಿ ಏಳನೆಯ ಮೇಜಿನ ಕೊನೆಯ ಕುರ್ಚಿಯತ್ತ ನೋಡಿದೆ. ಬಿಳಿ ಅಂಗಿಯ ಗಟ್ಟಿ ಆಳು ಕೂತಿದ್ದ. ಬ್ಯಾಡ್ಜಿನಲ್ಲಿ ಭಾವನ ಹೆಸರಿತ್ತು. ನನಗೆ ಸಂತೋಷವೇ ಆಯಿತು. ಕಡೆಗಳಿಗೆಯಲ್ಲಿ ಇನ್ನೂ ಪಾಸು ಸಿಕ್ಕಿರಬೇಕು, ಬೇರೆ ಊರಿನ ನಮ್ಮವರನ್ನು ಭಾವ ಕರೆಸಿರಬೇಕು ಎಂದುಕೊಂಡೆ. ಕಾರಮಡೈ ಕಡೆ ಬಾಳೆ, ಅಡಿಕೆ ಬೆಳೆಯುವ ಕನ್ನಡದ ಒಕ್ಕಲಿನವರಿದ್ದಾರೆ, ಅವರೂ ಬೆಂಬಲ ಕೊಡುತ್ತಾರೆ ಎಂದು ಭಾವ ಹೇಳಿದ್ದುಂಟು. ಭಾವನ ಹೆಸರು ಎದೆಯ ಮೇಲಿದ್ದರೆ ಅವನು ನಮ್ಮ ಮಾತಿನವನೇ ಆಗಿರಬೇಕು. ಬೇರೆ ಯೋಚನೆ ನನ್ನ ತಲೆಗೆ ಬರಲಿಲ್ಲ. ನಮ್ಮ ಬೀದಿಯ ಯಾರಿಗೂ ಬರುತ್ತಿರಲಿಲ್ಲ.

ತಲೆ ಬಾಗಿಸಿ, ಮೆಲ್ಲಗೆ, ಕನ್ನಡದಲ್ಲಿ ಕೇಳಿದೆ: "ಯಾವೂರಣ್ಣಾ ನಿಮ್ದು? ಕಾರಮಡೈ ಕಡೆಯಾ?"

ಅವನು ತಿರುಗಿ ನೋಡಿದ. "ಎನ್ನಂಗ?" ಎಂದ.

ಏನಂದಿರಿ ಎಂದು ತಮಿಳಿನಲ್ಲಿ, ಮರ್ಯಾದೆಯಾಗಿಯೇ ಕೇಳಿದ್ದ. ನಾನು ಅದೇ ಪ್ರಶ್ನೆಯನ್ನು ತಮಿಳಿನಲ್ಲಿ ಕೇಳಿದೆ. ಅವನು ನನ್ನ ಬ್ಯಾಡ್ಜನ್ನು ಓದಿದ. ತನ್ನ ಬ್ಯಾಡ್ಜನ್ನು ಹಿಂದುಮುಂದಾಗಿ ತಿರುಗಿಸಿಕೊಂಡ. ಆಮೇಲೆ ಮುಂದಿನ ಕುರ್ಚಿಯಲ್ಲಿದ್ದ, ಎರಡು ದೊಡ್ಡ ಪಕ್ಷಗಳಲ್ಲಿ ಒಂದರ ಏಜೆಂಟನ ಕಿವಿಯಲ್ಲಿ ಏನೋ ಹೇಳಿದ. ಆ ಏಜೆಂಟ್ ನನ್ನ ಕಡೆ ಒಮ್ಮೆ ನೋಡಿ ತಲೆಯಾಡಿಸಿದ.

ಆಗ ನಾನು ಮೇಜುಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದೆ. ಪ್ರತಿ ಮೇಜಿನ ಕೊನೆಯ ಕುರ್ಚಿಗಳಲ್ಲಿ ಜನರಿದ್ದರು. ದೂರದವರ ಬ್ಯಾಡ್ಜ್ ಓದಲು ಆಗುತ್ತಿರಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ತಿಂಡಿ ಬಂತು. ಅದೇ ಪಕ್ಷದ ಒಬ್ಬ ಹಿರಿಯ, ಚೀಲದಿಂದ ಇಡ್ಲಿಯ ಪೊಟ್ಟಣಗಳನ್ನು ತೆಗೆದು ತನ್ನವರಿಗೆ ಕೊಡುತ್ತ ಬಂದ. ಒಂದೊಂದು ಮೇಜಿನಲ್ಲೂ ಎರಡು ಪೊಟ್ಟಣ: ಒಂದು ಮುಂದಿನ ಕುರ್ಚಿಗೆ, ಒಂದು ಹಿಂದಿನ ಕುರ್ಚಿಗೆ. ಎರಡನೆಯ ಮೇಜಿನಲ್ಲಿ ಒಂದೇ ಕೊಟ್ಟ. ಮೇಸ್ತ್ರಿ ಬರಿಗೈಯಲ್ಲಿ ಅವನನ್ನೇ ನೋಡುತ್ತಿದ್ದರು. ಆರನೆಯ ಮೇಜಿನಲ್ಲೂ ಒಂದೇ. ನನ್ನನ್ನು ದಾಟಿ ಏಳಕ್ಕೆ ಹೋದ, ಅಲ್ಲಿ ಎರಡು ಕೊಟ್ಟ.

ಬಿಳಿ ಅಂಗಿಯವನು ಪೊಟ್ಟಣ ಬಿಚ್ಚಿ ತಿನ್ನತೊಡಗಿದ. ಚಟ್ನಿಯ ವಾಸನೆ ಬಂತು. ನನಗೆ ಹಸಿವಿತ್ತು, ಅದನ್ನೂ ಬರೆಯಬೇಕು.

ಪಕ್ಷವಿಲ್ಲದ ಅಭ್ಯರ್ಥಿಗೂ ಪ್ರತಿ ಮೇಜಿಗೆ ಒಬ್ಬ ಏಜೆಂಟನನ್ನು ಕಳಿಸುವ ಹಕ್ಕಿದೆ. ಆ ಕುರ್ಚಿಗಳು ದೊಡ್ಡ ಪಕ್ಷಕ್ಕೆ ಬೇಕಾಗುತ್ತವೆ. ಒಂದು ಜೋಡಿ ಕಣ್ಣಿನ ಬದಲು ಎರಡು ಜೋಡಿ, ಜಗಳವಾದರೆ ಒಂದು ಬಾಯಿಯ ಬದಲು ಎರಡು. ಹೀಗೆ ಕುರ್ಚಿಗಾಗಿಯೇ ನಿಲ್ಲಿಸುವ ಅಭ್ಯರ್ಥಿಗಳಿರುತ್ತಾರೆ ಎಂದು ಚಹಾ ಅಂಗಡಿಯಲ್ಲಿ ಕೇಳಿದ್ದೆ, ನಕ್ಕಿದ್ದೆ. ಈಗ ಅಂಥವನೊಬ್ಬನ ಹೆಸರು ನನ್ನ ಎದೆಯ ಮೇಲಿತ್ತು. ಬೀದಿಯಲ್ಲೇ ನಿಂತು ಕೈ ಮುಗಿದ ಭಾವ ಒಂದು ಮನೆಯ ಲಾಳಿಯನ್ನೂ ಮುಟ್ಟಿರಲಿಲ್ಲ ಎಂಬುದು ನನಗೆ ಹೊಳೆದದ್ದು ಅಲ್ಲಿ, ಆ ಪೊಟ್ಟಣಗಳನ್ನು ನೋಡುತ್ತಿದ್ದಾಗ. ಮುಟ್ಟಿದವಳು ಅಕ್ಕ.

ಆದರೂ ಒಂದು ಆಸೆ ಉಳಿದಿತ್ತು, ಅದು ಕೆಟ್ಟ ಆಸೆ. ನಮ್ಮ ಬೀದಿಯವರೂ ಮಾತು ತಪ್ಪಿರಲಿ, ಯಾರ್‍ಯಾರಿಗೋ ಹಾಕಿರಲಿ ಎಂದು ಬಯಸಿದೆ. ಹಾಗಾದರೆ ನಷ್ಟ ಸಮವಾಗುತ್ತದೆ.

ಐದನೆಯ ಸುತ್ತಿನಲ್ಲಿ ಮೆಷಿನ್ ಬಂತು. ಏಳನೆಯ ಮೇಜಿನಲ್ಲಿದ್ದವರು ಕನ್ನಡಕದ ಒಬ್ಬ ಹೆಂಗಸು, ಶಾಲೆಯ ಟೀಚರ್ ಎಂದು ಅವರ ಮಾತಿನಿಂದ ತಿಳಿದಿತ್ತು. ಸೀಲ್ ತೋರಿಸಿದರು, ಒಡೆದರು, ಗುಂಡಿ ಒತ್ತಿದರು, ಮೆಷಿನನ್ನು ಬಲೆಗೆ ಹತ್ತಿರ ಎತ್ತಿ ಹಿಡಿದರು. ಅಭ್ಯರ್ಥಿಯ ಕ್ರಮಸಂಖ್ಯೆ, ಅವರ ಮತ, ಮತ್ತೆ ಮುಂದಿನವರದು, ಹೀಗೆ ಕೆಂಪು ಅಂಕಿಗಳು ಬರುತ್ತ ಹೋದವು. ಒಂದು ದೊಡ್ಡ ಪಕ್ಷಕ್ಕೆ ಬೆರಳೆಣಿಕೆಯಷ್ಟು. ಇನ್ನೊಂದಕ್ಕೂ ಹಾಗೆಯೇ. ಭಾವನ ಸಂಖ್ಯೆ ಬಂತು. ಬಿದ್ದ ಓಟಿನಲ್ಲಿ ಹತ್ತಕ್ಕೆ ಒಂಬತ್ತರಷ್ಟು ಅಲ್ಲಿತ್ತು.

ಟೀಚರಮ್ಮ ಮೆಷಿನನ್ನು ತಮ್ಮ ಕಡೆ ತಿರುಗಿಸಿ ನೋಡಿಕೊಂಡರು. ಗುಂಡಿಯನ್ನು ಇನ್ನೊಮ್ಮೆ ಒತ್ತಿ, ಇನ್ನೊಮ್ಮೆ ಎತ್ತಿ ತೋರಿಸಿದರು. ಅದೇ ಸಂಖ್ಯೆ.

ಒಬ್ಬರೂ ತಪ್ಪಿರಲಿಲ್ಲ ಎಂದು ಹೇಳಲಾರೆ. ಆದರೆ ಅಪ್ಪಮಕ್ಕಳ ಜಗಳವಿದ್ದ ಮನೆಗಳು, ಬೇರೆ ಊರಿನ ಸೊಸೆಯಂದಿರು, ಟೈಲರಿಗಾ ಎಂದು ನಕ್ಕ ಅಜ್ಜಿ, ಎಲ್ಲರೂ ಅದರಲ್ಲಿದ್ದರು.

ಬಿಳಿ ಅಂಗಿಯವನು ಪಕ್ಕದ ಪಕ್ಷದವನ ತೊಡೆಯ ಮೇಲೆ ತಟ್ಟಿದ. "ನಲ್ಲಾ ಪಿರಿಚ್ಚು ಕುಡುತ್ತುಟ್ಟಾರು," ಎಂದ. ಚೆನ್ನಾಗಿ ಒಡೆದು ಕೊಟ್ಟಿದ್ದಾರೆ. ನಮ್ಮ ಬೀದಿ ಪ್ರತಿಸಲ ಹೆಚ್ಚಾಗಿ ಓಟು ಹಾಕುತ್ತಿದ್ದುದು ಇನ್ನೊಂದು ದೊಡ್ಡ ಪಕ್ಷಕ್ಕೆ. ಇಳುಪರಿಯ ಕ್ಷೇತ್ರದಲ್ಲಿ ಆ ಪಕ್ಷಕ್ಕೆ ಇಷ್ಟು ಕಡಿಮೆಯಾದರೆ ಲಾಭ ಇವರಿಗೆ. ಕುರ್ಚಿಗಳಷ್ಟೇ ಅಲ್ಲ, ನಮ್ಮ ಓಟೂ ಅವರಿಗೆ ಬೇಕಿತ್ತು. ತಮಗೆ ಬೀಳದಿದ್ದರೂ ಸರಿ, ಆ ಪಕ್ಷಕ್ಕೆ ಬೀಳದಿದ್ದರೆ ಸಾಕು.

ಸುತ್ತುಗಳ ನಡುವೆ ನೀರಿನ ಡ್ರಮ್ಮಿನ ಹತ್ತಿರ ಮೇಸ್ತ್ರಿ ಸಿಕ್ಕರು. ಅವರಿಗೆ ನಾನು ಏನನ್ನೂ ವಿವರಿಸಬೇಕಾಗಿರಲಿಲ್ಲ.

"ನಮ್ಮ ಬೂತು?" ಎಂದರು.

"ಎಲ್ಲಾರೂ ಹಾಕವ್ರೆ, ಮಾವ."

ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡರು. "ಹಾಕದೆ ಇದ್ದಿದ್ರೆ ಚೆಂದಾಗಿತ್ತು," ಎಂದರು. ನಾನು ಬಯಸಿದ್ದನ್ನೇ ಅವರೂ ಬಯಸಿದ್ದರು.

ಮಧ್ಯಾಹ್ನಕ್ಕೆ ಭಾವ ಬಂದರು. ಅಭ್ಯರ್ಥಿಗಳು ಹಾಲಿಗೆ ಬರಬಹುದು. ಇಸ್ತ್ರಿ ಮಾಡಿದ ಪಂಚೆ, ಹಣೆಯಲ್ಲಿ ವಿಭೂತಿ. ಮೊದಲು ಏಳನೆಯ ಮೇಜಿನವನ ಜೊತೆ ಎರಡು ಮಾತಾಡಿ ಆಮೇಲೆ ನನ್ನ ಹತ್ತಿರ ಬಂದರು. ನಾನು ವರಾಂಡಕ್ಕೆ ಕರೆದುಕೊಂಡು ಹೋದೆ. ನನ್ನ ದನಿ ಏರಲಿಲ್ಲ.

"ಎರಡೇ ಪಾಸು ಅಂದ್ರಿ ಭಾವ. ಇಲ್ಲಿ ಮೇಜಿಗೊಬ್ರು ಕುಂತವ್ರೆ."

"ನಮ್ಮೋರು ಮಗ್ಗ ನಿಲ್ಸಿ ಬಂದು ಇಲ್ಲೇನ್ ಮಾಡ್ತಿದ್ರು? ಯಾರೋ ಕುಂತ್ರು, ಬಿಡು. ಪಾರ್ಟಿ ಇಲ್ದೆ ನಿಲ್ಲೋದು ಅಂದ್ರೆ ಹಿಂಗೇ."

"ಅವ್ರಿಗೆ ಇಡ್ಲಿ ಕೊಡೋರು ಯಾರು?"

ಅವರು ಕಾಂಪೌಂಡಿನ ಆಚೆ ಪೊಲೀಸರ ವ್ಯಾನುಗಳ ಕಡೆ ನೋಡಿದರು. "ನಾನೇನು ಗೆಲ್ತೀನಿ ಅಂತ ಹೇಳಿದ್ನಾ? ನಮ್ಮ ಬೀದಿ ಕಾಣ್ಲಿ ಅಂದೆ. ಕಾಣಿಸ್ತಲ್ಲ."

"ಯಾರ್ಗೆ ಕಾಣಿಸ್ತು, ಭಾವ?"

ಅಕ್ಕನಿಗೆ ಈಗಲೇ ಏನೂ ಹೇಳಬೇಡ, ಮೆಲ್ಲಗೆ ನಾನೇ ಹೇಳುತ್ತೇನೆ ಎಂದರು. ಆ ಕುರ್ಚಿಗಳಿಗೆ ಪ್ರತಿಯಾಗಿ ಅವರಿಗೆ ಏನು ಸಿಕ್ಕಿತೋ ನಾನು ನೋಡಿಲ್ಲ. ಬೀದಿಯಲ್ಲಿ ನಾಲ್ಕಾರು ಮಾತಿವೆ. ನೋಡದ್ದನ್ನು ಬರೆಯುವುದಿಲ್ಲ.

ಕೊನೆಯ ಸುತ್ತಿನವರೆಗೂ ನಿಂತೆ. ಮಧ್ಯಾಹ್ನದ ನಂತರ ಇಳುಪರಿ ಎಂಬುದು ಉಳಿಯಲಿಲ್ಲ. ಅಂದಾಜು ಹೇಳಿದ ಚಾನೆಲ್ಲುಗಳೆಲ್ಲ ತಪ್ಪಿದ್ದವು. ಭಾವನ ಕುರ್ಚಿಗಳಲ್ಲಿ ಕೂತವರ ಪಕ್ಷ ಹಿಂದೆ ಬೀಳುತ್ತ ಬೀಳುತ್ತ, ನಮ್ಮ ಬೂತಿನಂಥ ಎಷ್ಟು ಬೂತುಗಳನ್ನು ಸೇರಿಸಿದರೂ ಮುಟ್ಟಲಾಗದಷ್ಟು ಅಂತರದಿಂದ ಸೋತಿತು. ನಮ್ಮ ಓಟು ಯಾರನ್ನೂ ಗೆಲ್ಲಿಸಲಿಲ್ಲ, ಯಾರನ್ನೂ ಸೋಲಿಸಲೂ ಇಲ್ಲ. ಮೋಸ ಮಾಡಿದವರಿಗೂ ನಮ್ಮಿಂದ ಉಪಯೋಗವಾಗಲಿಲ್ಲ.

ಮೇಸ್ತ್ರಿಯೂ ನಾನೂ ಬಸ್ಸಿನಲ್ಲಿ ಬಂದೆವು. ಬೀದಿಗೆ ಬಂದು ಅವರು ತಮ್ಮ ಮನೆಯ ಬಾಗಿಲು ಮುಟ್ಟಿದಾಗ, ಹೇಳುವುದಾದರೆ ಇವತ್ತೇ ಹೇಳು, ನಾಳೆಗಾದರೆ ಅದು ನಿನ್ನ ಮಾತಾಗುವುದಿಲ್ಲ, ನಿನ್ನ ಭಾವ ಹೇಳಿಕೊಟ್ಟ ಮಾತಾಗುತ್ತದೆ ಎಂದರು.

ಅಕ್ಕನ ಮನೆಯಲ್ಲಿ ಟಿವಿ ಓಡುತ್ತಿತ್ತು, ಸದ್ದು ತೆಗೆದಿದ್ದರು. ಹೆಂಗಸರು ಬೆಳಿಗ್ಗೆ ಕೂತಲ್ಲೇ ಕೂತಂತಿದ್ದರು. ಯಾರು ಗೆದ್ದರು ಎಂದು ಯಾರೂ ಕೇಳಲಿಲ್ಲ. ಅದು ಗೊತ್ತಿತ್ತು.

"ನಮ್ಮ ಬೂತು ಏನಾತು, ತಮ್ಮಾ?" ಎಂದಳು ಅಕ್ಕ.

ಹತ್ತಕ್ಕೆ ಒಂಬತ್ತು ಎಂದೆ. ಒಳಗೆ ಒಂದು ಉಸಿರು ಬಿಟ್ಟಂತಾಯಿತು. ಅಜ್ಜಿ, ಆ ಒಂದು ಯಾವ ಮನೆಯದು ಎಂದು ನನಗೆ ಗೊತ್ತು ಎಂದರು. ನಗು. ಅಕ್ಕನ ಮುಖವನ್ನು ನೋಡಿದೆ. ಅಷ್ಟು ತೃಪ್ತಿ ಅವಳ ಮುಖದಲ್ಲಿ ನಾನು ಅಪರೂಪಕ್ಕೆ ಕಂಡದ್ದು. ಅಲ್ಲಿಗೆ ನಿಲ್ಲಿಸಬಹುದಿತ್ತು.

ಅವಳನ್ನು ಹಿಂದಿನ ಮಗ್ಗದ ಶೆಡ್ಡಿಗೆ ಕರೆದು ಹೇಳಿದೆ. ಬ್ಯಾಡ್ಜು, ಅವನು ಕೇಳಿದ "ಎನ್ನಂಗ", ಪೊಟ್ಟಣಗಳು, ತೊಡೆ ತಟ್ಟಿದ್ದು, ಭಾವ ವರಾಂಡದಲ್ಲಿ ಆಡಿದ ಮಾತು. ನಾನು ಕಂಡ ಕ್ರಮದಲ್ಲೇ ಹೇಳಿದೆ. ಮುಗಿದ ಮೇಲೆ ಒಂದೇ ಕೇಳಿದಳು.

"ನೀನೇ ಕಣ್ಣಾರೆ ನೋಡ್ದೆಯಾ? ಯಾರೋ ಹೇಳಿದ್ದಲ್ವಲ್ಲ?"

"ನೋಡ್ದೆ. ಮೇಸ್ತ್ರಿ ಮಾವನೂ ನೋಡವ್ರೆ."

ಗಂಡ ಬರುವವರೆಗೆ ಕಾಯುತ್ತಾಳೆ ಎಂದುಕೊಂಡೆ. ಕಾಯಲಿಲ್ಲ. ಒಳಗೆ ಹೋಗಿ ಟಿವಿ ಆರಿಸಿ, ಅದರ ಮುಂದೆ ನಿಂತಳು.

"ನಿಮ್ಮ ಲಾಳಿ ಮುಟ್ಟಿ ನಾನು ಕೇಳ್ದೆ. ನೀವು ಕೊಟ್ರಿ. ನಮ್ಮನೆಯೋರು ಅದನ್ನ ಬೇರೆ ಪಾರ್ಟಿಗೆ ಕೊಟ್ಬುಟ್ಟವ್ರೆ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅಂದ್ರೆ ಮಾತು ಉಳಿಯಾಕಿಲ್ಲ, ಅದು ನಂಗೆ ಗೊತ್ತು."

ಯಾರೂ ಬೈಯಲಿಲ್ಲ. ಅಜ್ಜಿ ಎದ್ದು ಸೀರೆ ಸರಿಮಾಡಿಕೊಂಡರು. ಉಳಿದವರು ಎದ್ದರು. ನಮ್ಮ ಬೀದಿಯಲ್ಲಿ ಯಾವ ಮನೆಯಿಂದ ಹೊರಡುವಾಗಲೂ ಹೋಗಿಬರುತ್ತೇನೆ ಎನ್ನದೆ ಹೊರಡುವುದಿಲ್ಲ, ಸಾವಿನ ಮನೆಯೊಂದನ್ನು ಬಿಟ್ಟು. ಅವತ್ತು ಒಬ್ಬರೂ ಹೇಳಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿ ಕಳಿಸಿದಳು. ಅವಳೂ ಹೋಗಿಬನ್ನಿ ಎನ್ನಲಿಲ್ಲ.

ಆಮೇಲಿನ ಚುನಾವಣೆಗಳಲ್ಲಿ ನಮ್ಮ ಬೀದಿ ಯಾರಿಗೂ ಒಟ್ಟಾಗಿ ಓಟು ಹಾಕಿಲ್ಲ. ಲಾಳಿಯ ಮೇಲೆ ಕೈ ಇಡುವುದೂ ನಿಂತುಹೋಗಿದೆ. ಹೆಣ್ಣು ಕೊಡುವಾಗ ಈಗ ಎರಡು ಕಡೆಯವರೂ ಕಾಗದದ ಮೇಲೆ ಬರೆಸಿಕೊಳ್ಳುತ್ತಾರೆ.

ನಾನು ಕಂಡದ್ದನ್ನು ಕಂಡವರು ಇನ್ನೂ ಇದ್ದಾರೆ. ಮೇಸ್ತ್ರಿ ತೀರಿಕೊಂಡರು. ಏಳನೆಯ ಮೇಜಿನ ಟೀಚರಮ್ಮ ಪಲ್ಲಡಂ ಕಡೆಯವರು, ಈಗ ನಿವೃತ್ತರಾಗಿರಬೇಕು. ಒಂದು ಬೂತಿನ ಸಂಖ್ಯೆಯನ್ನು ಎರಡು ಸಲ ತೋರಿಸಿದ್ದು ಅವರಿಗೆ ನೆನಪಿರಬಹುದು. ಬಿಳಿ ಅಂಗಿಯವನನ್ನು ಹಿಂದಿನ ತಿಂಗಳು ತಿರುಪ್ಪೂರಿನ ನೂಲಿನ ಅಂಗಡಿಯೊಂದರಲ್ಲಿ ಕಂಡೆ. ಗುರುತು ಹಿಡಿದು, ಚೆನ್ನಾಗಿದ್ದೀರಾ ಎಂದು ಕೇಳಿದ. ಇನ್ನೊಬ್ಬರು ಭಾವ. ಅಕ್ಕ ಅವರಿಗೆ ಅಡಿಗೆ ಮಾಡಿ ಹಾಕುತ್ತಾಳೆ, ಮಾತು ಕಡಿಮೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಎರಡೇ ಬಾಗಿಲು. ಎದುರಾದರೆ ಅವರು ಮಾತಾಡಿಸದೆ ಹೋಗುವುದಿಲ್ಲ. ಆದರೆ ನನ್ನೊಂದಿಗೆ ಈಗ ತಮಿಳಿನಲ್ಲೇ ಮಾತಾಡುತ್ತಾರೆ.